ಆಡು ಕಾಯುವ ಸೇವೆ

“ಏ ಹುಡುಗಿ, ಆಡು ಹಿಡ್ಕೊಂಡು ಒಳಗ ಬರಬ್ಯಾಡ. ಫರಸಿ ಹೊಲಸಾಗ್ತದ, ಹೋಗು!”

ಹುಮನಾಬಾದ್ ಹತ್ತಿರದ ನನ್ನ ತವರೂರಿನ ಚರ್ಚಿನ ಗೇಟಿನಲ್ಲಿ, ಸಂಡೇ ಸ್ಕೂಲಿನ ಹೊಸ ಮಾಸ್ತರರು ಹೀಗೆ ಗದರಿದ್ದು ಕೇಳಿ ನನ್ನ ಮೈ ಉರಿಯಿತು. ಹೊಸ ಫರಸಿಕಲ್ಲು ಹಾಸಿದ ಅಂಗಳದಾಚೆ ಮಕ್ಕಳು ಹಾಡುತ್ತಿದ್ದರು. ಗೇಟಿನ ಹೊರಗೆ ಎರಡು ಆಡುಗಳ ಹಗ್ಗ ಹಿಡಿದು ನಿಂತ ಆ ಪುಟ್ಟ ಹುಡುಗಿಯ ತುಟಿಯ ಮೇಲೂ ಅದೇ ಹಾಡಿತ್ತು.

ನಾನು ಚಿಕ್ಕವಳಿದ್ದಾಗ ಇದೇ ಸಂಡೇ ಸ್ಕೂಲಿನಲ್ಲಿ ನನಗಿದ್ದ ಸೇವೆಯೇ ಆಡು ಕಾಯುವುದು. ಭಾನುವಾರವೆಂದು ಆಡುಗಳ ಹೊಟ್ಟೆಗೆ ರಜೆ ಇರುತ್ತದೆಯೇ? ಮೇಯಿಸಲು ಹೊರಟ ಮಕ್ಕಳು ಅವುಗಳನ್ನು ಹೊಡೆದುಕೊಂಡೇ ಬರುತ್ತಿದ್ದರು. ನಮ್ಮ ಟೀಚರಮ್ಮ ನನ್ನ ಕೈಗೆ ಕೋಲು ಕೊಟ್ಟು ಬೇವಿನ ಮರದಡಿ ಕೂರಿಸಿ, ಆ ಮಕ್ಕಳನ್ನು ಒಳಗೆ ಕರೆಯುತ್ತಿದ್ದರು. ಪಾಠ ಮುಗಿದ ಮೇಲೆ, ಒಳಗೆ ಹೇಳಿದ ಬೈಬಲ್ ಕಥೆಯನ್ನು ನನಗೊಬ್ಬಳಿಗೇ ಮತ್ತೆ ಹೇಳುತ್ತಿದ್ದರು.

“ಮಾಸ್ತರ್ರ, ಕ್ರಿಸ್‌ಮಸ್ ನಾಟಕಕ್ಕ ಮಕ್ಕಳಿಗಿ ಕಂಬಳಿ ಹೊಚ್ಚಿ ಕುರಿ ಕಾಯೋರ ವೇಷ ಹಾಕ್ತೀರಿ. ಖರೇ ಆಡು ಕಾಯೋ ಹುಡುಗಿ ಬಂದ್ರ ಗೇಟ್ ಹಾಕ್ತೀರೇನ್ರಿ?” ಎಂದೆ. ನಾನು ಹುಡುಗಿಯ ಕೈಯಿಂದ ಹಗ್ಗ ಕಸಿದುಕೊಂಡು ಅವಳನ್ನು ಒಳಗೆ ಕಳಿಸಿದೆ. ಪಾಠ ಮುಗಿದಾಗ ಅವಳು ಓಡಿಬಂದು, ನಾನು ಕೇಳದಿದ್ದರೂ, ಕಥೆಯನ್ನೆಲ್ಲ ನನಗೆ ಹೇಳಿದಳು.

ಬಸವಕಲ್ಯಾಣದ ಮನೆಗೆ ಮರಳಿದರೂ ಸಿಟ್ಟು ಇಳಿದಿಲ್ಲ. ಬರುವ ಭಾನುವಾರ ಹಗ್ಗ ಹಿಡಿಯಲು ನಾನಲ್ಲಿರುವುದಿಲ್ಲ. ಆ ಗೇಟು ಇರುತ್ತದೆ.