ಪೊಲೀಸರು ಅತಿಥಿಗಳಾಗಿ ಬಂದ ಗುರುವಾರ

ನಮ್ಮ ಊರಿನ ಸೇವಾ ಕ್ಲಬ್ಬಿನ ಮಾತು ಬಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಇಷ್ಟು ವಯಸ್ಸಾಯಿತು, ಇನ್ನಾದರೂ ಬಿಟ್ಟುಬಿಡು ಎಂದು ಮನೆಯಲ್ಲಿ ಹೇಳುತ್ತಾರೆ. ಬಿಡುವಂಥದ್ದಾಗಿದ್ದರೆ ಎಂದೋ ಬಿಡುತ್ತಿದ್ದೆ.

ವಾಡಿ ಜಂಕ್ಷನ್ನಿನಿಂದ ಬಹಳ ದೂರವಲ್ಲದ, ಹಾಸುಗಲ್ಲಿನ ಗಣಿಗಳ ಊರು ಅದು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ಹೊಸತು. ಸೇಡಂ ಕಡೆಯವಳಾದ ನಾನು ಅಲ್ಲಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಟೀಚರಾಗಿದ್ದೆ. ಕ್ಲಬ್ಬಿನಲ್ಲಿ ಇದ್ದವರೆಲ್ಲ ಗಂಡಸರು. ಹೆಚ್ಚಿನವರು ಕಲ್ಲಿನ ವ್ಯಾಪಾರಿಗಳು, ಜೊತೆಗೆ ಕೆಲವರು ವಕೀಲರು, ಒಬ್ಬ ಡಾಕ್ಟರು. ಪ್ರತಿ ಗುರುವಾರ ಸಂಜೆ ಸೇರುತ್ತಿದ್ದರು. ಯಾರಾದರೊಬ್ಬ ದೊಡ್ಡ ಮನುಷ್ಯನನ್ನು ಕರೆದು ಶಾಲು ಹೊದಿಸಿ, ಹಾರ ಹಾಕಿ, ಮಂಡಕ್ಕಿ ಸುಸಲಾ, ಮಿರ್ಚಿ ಭಜಿ ತಿಂದು ಮನೆಗೆ ಹೋಗುತ್ತಿದ್ದರು. ಇದಕ್ಕೆ ಸಮಾಜಸೇವೆ ಎಂದು ಹೆಸರು.

ನಮ್ಮ ಕಡೆ ಪ್ರಾರ್ಥನೆ ಇಲ್ಲದೆ ಯಾವ ಸಭೆಯೂ ಶುರುವಾಗುವುದಿಲ್ಲ. ಅದನ್ನು ಹೆಣ್ಣುಮಕ್ಕಳೇ ಹಾಡಬೇಕು, ಗಂಡಸರು ಕಣ್ಣು ಮುಚ್ಚಿ ಕೇಳಬೇಕು. ಕ್ಲಬ್ಬಿನ ಅಧ್ಯಕ್ಷರು ನಮ್ಮ ಶಾಲೆಯ ಕಮಿಟಿಯಲ್ಲೂ ಇದ್ದುದರಿಂದ, ವಾರ ವಾರ ಒಬ್ಬ ಹುಡುಗಿಯನ್ನು ಕರೆದೊಯ್ಯುವ ಕೆಲಸ ನನ್ನ ತಲೆಗೆ ಬಂದಿತ್ತು. ನಾನು ಕರೆದೊಯ್ಯುತ್ತಿದ್ದವಳು ಎಸ್ಸೆಸ್ಸೆಲ್ಸಿ ಹುಡುಗಿ. ಅವಳ ಅಪ್ಪ ಚಿಮ್ಮನಚೋಡದಿಂದ ಬಂದು ಗೂಡ್ಸ್ ಯಾರ್ಡಿನಲ್ಲಿ ವ್ಯಾಗನ್ನುಗಳಿಗೆ ಕಲ್ಲು ತುಂಬುವ ಹಮಾಲನಾಗಿದ್ದ. ಹುಡುಗಿಗೆ ಗಂಟಲು ದೊಡ್ಡದು, ಹೆದರಿಕೆ ಕಡಿಮೆ. ವಚನ ಎತ್ತಿದಳೆಂದರೆ ಹೊರಗೆ ಟಾಂಗಾದವರೂ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಹಾಡಿದ ಮೇಲೆ ಅವಳ ಕೈಗೊಂದು ಬಾಳೆಹಣ್ಣು ಕೊಡುತ್ತಿದ್ದರು. ಸಭೆ ಮುಗಿಯುವವರೆಗೆ ನಾವಿಬ್ಬರೂ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಿರಬೇಕಿತ್ತು.

ಅವಳ ಮನೆ ರೈಲು ಹಳಿಯ ಆಚೆ. ಶಾಲೆಗೆ ಬರಬೇಕಾದರೆ ರೈಲ್ವೆ ಗೇಟು ದಾಟಬೇಕು, ಗೂಡ್ಸ್ ಬಂತೆಂದರೆ ಗೇಟು ಬೇಗ ತೆರೆಯುವುದಿಲ್ಲ. ಅಲ್ಲಿ ಮೋಟಾರ್ ಸೈಕಲ್ ನಿಲ್ಲಿಸಿಕೊಂಡು ನಾಲ್ಕೈದು ಜನ ಪುಂಡರು ಕಾಯುತ್ತಿದ್ದರು. ಉಂಡು ಅರಗದ ಶ್ರೀಮಂತರ ಮಕ್ಕಳು. ಮೊದಲು ಸಿಳ್ಳೆ ಹೊಡೆದರು, ಆಮೇಲೆ ಜಡೆ ಜಗ್ಗಿದರು, ಒಂದು ಸಂಜೆ ಸೆರಗಿಗೆ ಕೈ ಹಾಕಿದರು. ಹುಡುಗಿ ಮನೆಗೆ ಹೋಗಿ ಏನನ್ನೂ ಮುಚ್ಚಿಡಲಿಲ್ಲ. ಮರುದಿನ ಅವಳ ಅಪ್ಪ ಶಾಲೆಗೆ ಬಂದು ನನ್ನ ಮುಂದೆ ನಿಂತ.

"ಬಾಯೋರ, ಇನ್ನೊಂದು ಸಲ ಹಿಂಗ ಆಯ್ತಂದ್ರ ನಾ ಸಾಲಿ ಬಿಡಸ್ತೀನ್ರಿ. ನನಗ ಮುಂಜಾನಿ ವ್ಯಾಗನ್ ತುಂಬೂ ಕೆಲಸ. ಅಕಿ ಹಿಂದ ತಿರುಗಲಿಕ್ಕ ಆಗಂಗಿಲ್ಲ."

ಪರೀಕ್ಷೆಗೆ ಇನ್ನು ಕೆಲವೇ ತಿಂಗಳಿದ್ದವು. ಪಾಸಾದರೆ ನರ್ಸ್ ಟ್ರೇನಿಂಗಿಗೆ ಹೋಗುತ್ತೇನೆ ಎಂದು ಅವಳು ಲೆಕ್ಕ ಹಾಕಿಕೊಂಡಿದ್ದಳು. ನಾನು ಠಾಣೆಗೆ ಹೋದೆ. ಗೇಟು ರೈಲ್ವೆಯವರದು, ಅವರ ಪೊಲೀಸರಿಗೆ ಹೇಳ್ರಿ ಎಂದರು. ರೈಲ್ವೆ ಪೊಲೀಸರ ಬಳಿ ಹೋದೆ. ಹುಡುಗರು ನಿಲ್ಲುವುದು ಗೇಟಿನ ಈಚೆಗೆ, ಅದು ಊರಿನವರ ರಸ್ತೆ ಎಂದರು. ಹೆಣ್ಣುಮಗಳ ಸೆರಗು ಹಿಡಿದ ಜಾಗ ಯಾರ ಸರಹದ್ದಿನಲ್ಲಿದೆ ಎಂದು ಅಳೆಯುವುದರಲ್ಲೇ ಅವರ ಡ್ಯೂಟಿ ಮುಗಿಯಿತು.

ಹೀಗಿರುವಾಗ ಬರುವ ಗುರುವಾರ ಕ್ಲಬ್ಬಿಗೆ ಇನ್ಸ್‌ಪೆಕ್ಟರ್ ಸಾಹೇಬರೇ ಅತಿಥಿ ಎಂದು ತಿಳಿಯಿತು. ನನಗೆ ಸಂತೋಷವಾಯಿತು, ನಿಜ ಹೇಳುತ್ತೇನೆ. ಠಾಣೆಯಲ್ಲಿ ಕೇಳದಿದ್ದವರು ಊರ ಹಿರಿಯರ ಮುಂದೆ ಕೇಳದೆ ಇರುತ್ತಾರೆಯೇ ಎಂದುಕೊಂಡೆ.

ಆ ಸಂಜೆ ಕ್ಲಬ್ಬಿನ ಸಡಗರ ನೋಡಬೇಕಿತ್ತು. ಕೆಲವು ದಿನಗಳ ಹಿಂದಷ್ಟೇ ಕ್ಲಬ್ಬಿನವರು ಊರಿನ ಚೌಕದಲ್ಲಿ ಸಿಮೆಂಟಿನ ಕಟ್ಟೆ ಕಟ್ಟಿಸಿ, ಮೇಲೊಂದು ದೊಡ್ಡ ಬಣ್ಣದ ಛತ್ರಿ ನಿಲ್ಲಿಸಿ, ಟ್ರಾಫಿಕ್ ಪೊಲೀಸರಿಗೆ ಅರ್ಪಿಸಿದ್ದರು. ಛತ್ರಿಯ ಸುತ್ತ ಕ್ಲಬ್ಬಿನ ಹೆಸರು. ಆ ಚೌಕದಲ್ಲಿ ಟ್ರಾಫಿಕ್ ಎಂದರೆ ಟಾಂಗಾಗಳು, ಎತ್ತಿನ ಬಂಡಿಗಳು ಮತ್ತು ಚಿತ್ತಾಪುರದ ಬಸ್ಸು. ಆದರೂ ಒಬ್ಬ ಕಾನ್‌ಸ್ಟೇಬಲ್ ಮುಂಜಾನೆಯಿಂದ ಸಂಜೆಯವರೆಗೆ ಅದರ ಕೆಳಗೆ ನಿಂತು ಎಮ್ಮೆಗಳಿಗೆ ಕೈ ತೋರಿಸುತ್ತಿದ್ದ. ಸಭೆಯಲ್ಲಿ ಅರ್ಧ ಹೊತ್ತು ಆ ಛತ್ರಿಯ ಗುಣಗಾನವೇ ನಡೆಯಿತು.

ಹುಡುಗಿ ವಚನ ಹಾಡಿದಳು. ಎಲ್ಲರೂ ಕಣ್ಣು ಮುಚ್ಚಿದರು. ಇನ್ಸ್‌ಪೆಕ್ಟರ್ ಬೆಂಗಳೂರಿನ ಕಡೆಯವರು. ತಲೆದೂಗಿ "ಭೇಷ್" ಎಂದರು. ನಂತರ ಭಾಷಣ ಮಾಡಿ, ಪೊಲೀಸರು ಜನರ ಸೇವಕರು, ಏನೇ ತೊಂದರೆ ಇದ್ದರೂ ಸಂಕೋಚವಿಲ್ಲದೆ ಹೇಳಬೇಕು ಎಂದು ಒತ್ತಿ ಹೇಳಿದರು. ಚಪ್ಪಾಳೆ ಬಿತ್ತು. ಯಾರಿಗಾದರೂ ಪ್ರಶ್ನೆಗಳಿವೆಯೇ ಎಂದು ಅಧ್ಯಕ್ಷರು ಕೇಳಿದರು. ಅದು ಪ್ರತಿ ವಾರ ಕೇಳುವ ಮಾತು. ಎಲ್ಲರೂ ಫ್ಯಾನಿನ ಕಡೆ ನೋಡಬೇಕು, ಆಮೇಲೆ ವಂದನಾರ್ಪಣೆ ಎಂಬುದು ಅಲ್ಲಿಯ ಪದ್ಧತಿ. ನಾನು ಎದ್ದು ನಿಂತೆ.

"ಸಾಹೇಬರ, ರೈಲ್ವೆ ಗೇಟಿನಾಗ ನಮ್ಮ ಸಾಲಿ ಹುಡುಗ್ಯಾರಿಗಿ ಪುಂಡರ ಕಾಟ ಭಾಳ ಆಗ್ಯಾದ. ಚೌಕದಾಗ ಛತ್ರಿ ಕೆಳಗ ನಿಂತವರಿಗಿ ಮುಂಜಾನಿ ಸಾಲಿ ಹೊತ್ತಿಗಿ, ಸಂಜಿಕ ಬಿಡೂ ಹೊತ್ತಿಗಿ ಅಲ್ಲಿ ನಿಂದರಸ್ರಿ. ನಮಗ ಬ್ಯಾರೆ ಏನೂ ಬ್ಯಾಡ್ರಿ."

ಇನ್ಸ್‌ಪೆಕ್ಟರ್ ಅಧ್ಯಕ್ಷರ ಮುಖ ನೋಡಿದರು. "ಮೇಡಂ, ಆ ಛತ್ರಿ ಕ್ಲಬ್ಬಿನವರ ಕೊಡುಗೆ. ಅದರ ಕೆಳಗೆ ನಮ್ಮ ಮನುಷ್ಯ ಇಲ್ಲದೆ ಹೋದರೆ ಇವರಿಗೆ ಅವಮಾನ ಮಾಡಿದ ಹಾಗಲ್ವಾ?"

ಹೌದೆಂದು ಅಧ್ಯಕ್ಷರು ತಲೆ ಆಡಿಸಿದರು. ನನಗೆ ನನ್ನ ಕಿವಿಯನ್ನೇ ನಂಬಲಾಗಲಿಲ್ಲ.

"ಅದಿರಲಿ, ಕಂಪ್ಲೇಂಟ್ ಯಾರದ್ದು? ಯಾವ ಹುಡುಗಿ?" ಎಂದರು ಇನ್ಸ್‌ಪೆಕ್ಟರ್.

"ಇಷ್ಟು ಮಂದಿ ಮುಂದ ಹೆಸರ ಹೇಳಂಗಿಲ್ರಿ," ಎಂದೆ.

"ಹೆಸರೇ ಇಲ್ಲದೆ ನಾವೇನು ಮಾಡೋಕಾಗುತ್ತೆ?"

ಆಗ ನನ್ನ ಪಕ್ಕದಲ್ಲಿ ಅವಳು ಎದ್ದಳು, ಕೈಯಲ್ಲಿ ಬಾಳೆಹಣ್ಣು ಹಿಡಿದುಕೊಂಡೇ. "ನಾನೇ ರೀ. ಸೆರಗು ಜಗ್ಗಿದಾತ ಯಾರಂತ ನನಗ ಗೊತ್ತದ. ಆತನ ಅಪ್ಪ ಇಲ್ಲೇ ಕುಂತಾರ್ರಿ."

ಮುಂದಿನ ಸಾಲಿನಲ್ಲಿ ಒಬ್ಬ ಕಲ್ಲಿನ ವ್ಯಾಪಾರಿ ಕನ್ನಡಕ ತೆಗೆದು ಒರೆಸತೊಡಗಿದ. ಇನ್ಸ್‌ಪೆಕ್ಟರ್ ಅದನ್ನು ನೋಡಿದರು. ನೋಡಿದ್ದನ್ನು ನಾನು ನೋಡಿದೆ. ಆಮೇಲೆ ಅವರು ನಕ್ಕರು.

"ಇಷ್ಟು ಚೆನ್ನಾಗಿ ಹಾಡ್ತೀಯಲ್ಲಮ್ಮ, ಹುಡುಗರು ಹಾಡು ಕೇಳೋಕೆ ನಿಂತಿರ್ತಾರೆ ಬಿಡು."

ಎಲ್ಲರೂ ನಕ್ಕರು. ವ್ಯಾಪಾರಿ ನಕ್ಕ, ವಕೀಲರು ನಕ್ಕರು. ನನ್ನ ಕ್ಲಾಸಿನಲ್ಲಿ ಮಗಳನ್ನು ಓದಿಸುತ್ತಿದ್ದ ಡಾಕ್ಟರೂ ನಕ್ಕರು. ಅವರ ಮಗಳು ಮನೆಯ ಜೀಪಿನಲ್ಲಿ ಬರುತ್ತಿದ್ದಳು, ಅವರಿಗೆ ಗೇಟಿನ ಚಿಂತೆ ಇರಲಿಲ್ಲ. ಇವರೆಲ್ಲ ಊರಿಗೆ ದೊಡ್ಡವರು. ಥೂ ಎನ್ನಬೇಕೆನಿಸಿತು, ಇಂದಿಗೂ ಅನಿಸುತ್ತದೆ. ಹುಡುಗಿ ಕೂತಳು. ಅಳಲಿಲ್ಲ.

ವಂದನಾರ್ಪಣೆ ಆಯಿತು. ಈಗ ರಾಷ್ಟ್ರಗೀತೆ ಎಂದರು. ಕುರ್ಚಿಗಳು ಸರಿದವು, ಎಲ್ಲರೂ ಎದ್ದು ನೆಟ್ಟಗೆ ನಿಂತರು. ಇನ್ಸ್‌ಪೆಕ್ಟರ್ ಟೊಪ್ಪಿಗೆ ಸರಿಪಡಿಸಿಕೊಂಡರು. ಅದನ್ನೂ ಪ್ರಾರ್ಥನೆ ಹಾಡಿದವಳೇ ಎತ್ತಬೇಕು, ಉಳಿದವರು ಹಿಂದೆ ಗುನುಗಬೇಕು. ಹುಡುಗಿ ಕೈ ಇಳಿಬಿಟ್ಟು, ತಲೆ ಎತ್ತಿ ನಿಂತಿದ್ದಳು. ಬಾಯಿ ಮಾತ್ರ ತೆರೆಯಲಿಲ್ಲ.

"ಹಾಡವಾ," ಎಂದರು ಅಧ್ಯಕ್ಷರು ಮೆಲ್ಲಗೆ.

"ಇಲ್ರಿ," ಎಂದಳು.

ನಾನು ಎತ್ತಬಹುದಿತ್ತು, ಶಾಲೆಯಲ್ಲಿ ದಿನಾ ಹಾಡಿಸುವವಳು ನಾನೇ. ಎತ್ತಲಿಲ್ಲ. ದೇಶದ ಮೇಲೆ ನನಗೆ ಸಿಟ್ಟಿರಲಿಲ್ಲ. ಆ ಗಂಡಸರ ಬಾಯಿಗೆ ಅದನ್ನು ತೆಗೆದುಕೊಡಲು ಮನಸ್ಸು ಬರಲಿಲ್ಲ. ಅವರಲ್ಲಿ ಒಬ್ಬರಿಗಾದರೂ ಶುರು ಮಾಡುವ ಧೈರ್ಯ ಬರಬೇಕಲ್ಲ, ಬರಲಿಲ್ಲ. ಒಬ್ಬರು ಇನ್ನೊಬ್ಬರ ಬಾಯಿ ನೋಡುತ್ತ, ಕೆಮ್ಮುತ್ತ, ಆಳುಗಳ ಹಾಗೆ ಅಪ್ಪಣೆಗೆ ಕಾದು ನಿಂತರು. ಕೊನೆಗೆ ಅಧ್ಯಕ್ಷರು ಮೇಜು ತಟ್ಟಿ ಸಭೆ ಮುಗಿಯಿತೆಂದರು.

"ಇದಕ್ಕೆ ಕೇಸ್ ಆಗುತ್ತೆ, ಗೊತ್ತಾ ಮೇಡಂ?" ಎಂದರು ಇನ್ಸ್‌ಪೆಕ್ಟರ್ ಹೋಗುವಾಗ. ಸೆರಗು ಎಳೆದಿದ್ದಕ್ಕೆ ಆಗದ ಕೇಸು ಬಾಯಿ ಮುಚ್ಚಿದ್ದಕ್ಕೆ ಆಗುತ್ತಿತ್ತು.

ಮರುದಿನವೇ ಇಬ್ಬರು ಕಾನ್‌ಸ್ಟೇಬಲ್‌ಗಳು ಶಾಲೆಗೆ ಬಂದರು. ಹುಡುಗಿಯ ಹೆಸರು, ಮನೆ, ಅಪ್ಪನ ಕೆಲಸ ಎಲ್ಲ ಕೇಳಿದರು. ಅಲ್ಲಿಂದ ರೈಲ್ವೆ ಗೇಟು ದಾಟಿ ಅವಳ ಓಣಿಗೂ ಹೋಗಿ ವಿಚಾರಿಸಿದರು. ಕೇಸು ಗೀಸು ಏನೂ ಆಗಲಿಲ್ಲ, ಆಗುವಂಥದ್ದೂ ಇರಲಿಲ್ಲ. ಹೆದರಿಸಬೇಕಿತ್ತು, ಹೆದರಿಸಿದರು.

ವಾರ ಕಳೆಯುವುದರೊಳಗೆ ಅವಳ ಅಪ್ಪ ಟಿ.ಸಿ. ಕೇಳಿಕೊಂಡು ಬಂದ. ಕುರಕುಂಟಾದಲ್ಲಿ ಅವಳ ಸೋದರತ್ತೆ ಇದ್ದಳು, ಅಲ್ಲೇ ಸಂಬಂಧ ನೋಡಿದ್ದರು. ಪರೀಕ್ಷೆಯವರೆಗಾದರೂ ನನ್ನ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದೆ.

"ಪುಂಡರ ಮಾತಾದ್ರ ಮಂದಿ ಮರೀತಿದ್ರು ಬಾಯೋರ. ಓಣ್ಯಾಗ ಪೊಲೀಸರು ಪೋರಿ ಹೆಸರ ಹಿಡದು ಕೇಳ್ಯಾರ. ಮನಿ ಮನಿಗಿ ಹೋಗಿ ನಾ ಏನಂತ ಹೇಳ್ಲಿ?" ಎಂದು ಆಫೀಸಿನ ಕಡೆ ಹೋದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ನನ್ನ ಸಿಟ್ಟೆಲ್ಲ ಶಾಲು ಹೊದ್ದವರ ಮೇಲೆ, ಹೊದಿಸಿದವರ ಮೇಲೆ.

ಹುಡುಗಿ ವರಾಂಡದಲ್ಲಿ ನನ್ನ ಜೊತೆ ನಿಂತಿದ್ದಳು. ಒಳಗೆ ಅವಳ ಕ್ಲಾಸಿನವರು ಲೆಕ್ಕ ಮಾಡುತ್ತಿದ್ದುದು ಕೇಳುತ್ತಿತ್ತು.

"ಬಾಯೋರ, ಅವತ್ತು ನಾ ಹಾಡಿದ್ರ ಸಾಲಿ ಉಳೀತಿತ್ತೇನ್ರಿ?"

ಅವಳಿಗೆ ಸುಳ್ಳು ಹೇಳುವ ಮನಸ್ಸಾಗಲಿಲ್ಲ. "ಇಲ್ಲವಾ. ಗೇಟಿನಾಗ ಆ ಪುಂಡರು ಹಂಗೇ ನಿಂದರತಿದ್ರು, ಇವತ್ತಲ್ಲ ನಾಳಿ ನಿಮ್ಮಪ್ಪ ಬಿಡಸತಿದ್ದ."

"ಹಂಗಾದ್ರ ಹಾಡಲಿಲ್ಲ ಅಂತ ನನಗ ಬ್ಯಾಸರಿಲ್ರಿ," ಎಂದಳು.