ಸೀಗಡಿ ಕೆಂಪೇರಿತು, ಅಪ್ಪನ ಗದೆ ಮೇಲೆದ್ದಿತು

ಇವತ್ತು ಸುರಪುರದ ಸಂತೆಯಲ್ಲಿ ಒಣ ಸೀಗಡಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನೊಳಗೆ ಪರದೆ ಸರಿಯಿತು. ರಂಗದ ಮೇಲೆ ನಾನು ಚಿಕ್ಕವನಿದ್ದಾಗಿನ ಸಗರ ಊರಿನ ನಮ್ಮ ಅಡುಗೆಮನೆ, ಒಲೆಯ ಮೇಲೆ ಕುದಿಯುವ ನೀರು, ಬಾಗಿಲಲ್ಲಿ ಸಿಡಿಲಿನಂಥ ನಮ್ಮಪ್ಪ.

ಊರ ನಾಟಕದಲ್ಲಿ ಅಪ್ಪನದು ಗದೆ ಹಿಡಿಯುವ ಪಾತ್ರ. ತಾಲೀಮಿನ ದಿನಗಳಲ್ಲಿ ಆ ಕಟ್ಟಿಗೆಯ ಗದೆ ಮನೆಯಲ್ಲೂ ಹೆಗಲಿನಿಂದ ಇಳಿಯುತ್ತಿರಲಿಲ್ಲ. ಗೋವಾದಲ್ಲಿ ದುಡಿಯುತ್ತಿದ್ದ ಸೋದರಮಾವ ಅಂದು ಮಂಜುಗಡ್ಡೆಯಲ್ಲಿ ಹುದುಗಿಸಿ ಸಮುದ್ರದ ಹಸಿ ಸೀಗಡಿ ತಂದಿದ್ದ. ಒಣಗಿದ್ದನ್ನಷ್ಟೇ ಕಂಡಿದ್ದ ನಮಗೆ ಆ ಬೂದಿ ಬಣ್ಣದ ಮೈ ಹೊಸದು. ಅವ್ವ ಅವನ್ನು ನೀರಿಗೆ ಹಾಕಿದಳು. ಕಣ್ಣೆದುರೇ ಬೂದಿ ಅಳಿದು ರಕ್ತಗೆಂಪು ಏರಿತು.

"ಖಾರ ಹಾಕಿದೇನು?" ಅಪ್ಪ ಕೇಳಿದ.

"ಇಲ್ರಿ, ಬರೇ ನೀರ ಅದ."

ನಾಟಕದವರ ಮನೆಯಲ್ಲಿ ಬಣ್ಣ ತಾನಾಗಿ ಏರುವುದುಂಟೇ? ಯಾರೋ ಬಳಿದಿರಲೇಬೇಕು.

"ಬಣ್ಣ ಹಚ್ಚಿ ತಂದಾನ. ನನ್ನ ಮಕ್ಕಳಿಗೆ ವಿಷ ಉಣಸಾಕ ಬಂದಾನ" ಎಂದವನೇ ಅಪ್ಪ ಗದೆ ಬೀಸಿದ. ಮಾವನ ಹುಬ್ಬು ಸೀಳಿ ರಕ್ತ ಗೋಡೆಗೆ ಸಿಡಿಯಿತು. ಎರಡನೇ ಏಟಿಗೆ ಅವ್ವ ಅಡ್ಡ ಬಂದಳು.

"ಮೊದಲ ನನ್ನ ಕೊಲ್ರಿ."

ಮಾವ ರಕ್ತ ಒರೆಸಿಕೊಳ್ಳಲಿಲ್ಲ. ಬೋಗುಣಿಯಿಂದ ಒಂದು ಸೀಗಡಿ ಎತ್ತಿ ಸಿಪ್ಪೆ ಸಮೇತ ಅಗಿದ. "ಬಣ್ಣ ಅದರ ಮೈಯಾಗೇ ಇತ್ತು ಭಾವ. ಅಕ್ಕಾ, ರೊಟ್ಟಿ ಹಾಕು."

ಅಪ್ಪ ಗದೆ ಇಳಿಸದೆ, ಮಾವ ಸಾಯುತ್ತಾನೇನೋ ಎಂದು ಕಾದು ನಿಂತ. ಸಾಯದಿದ್ದುದನ್ನು ಕಂಡು, ತಾನೂ ತಾಟು ಎಳೆದುಕೊಂಡ.

ಇವತ್ತು ಸಂತೆಯಲ್ಲಿ ನನ್ನಿಂದ ಈ ಕಥೆ ಕೇಳಿದ ನನ್ನ ಮಗಳು, ಕಾಲೇಜಿನಲ್ಲಿ ಜೀವಶಾಸ್ತ್ರ ಓದುವವಳು, ವಿವರಿಸಿದಳು: ಹಸಿ ಸೀಗಡಿಯಲ್ಲಿ ಕೆಂಪನ್ನು ಒಂದು ಪ್ರೋಟೀನು ಬಿಗಿದಪ್ಪಿ ಮರೆಮಾಡಿರುತ್ತದೆ, ಬಿಸಿ ತಾಗಿದರೆ ಆ ಹಿಡಿತ ಬಿಡುತ್ತದೆ.

ಜೊತೆಗಿದ್ದ ಮುದಿ ಮಾವ ಹುಬ್ಬಿನ ಕಲೆ ಸವರಿಕೊಂಡ.

"ನೀ ಒಂದೀಟು ಮೊದಲ ಹುಟ್ಟಬೇಕಿತ್ತವ್ವ."