ಕಿಲ್ಲೆಯೊಳಗಿನ ಸೆಲೆ

ಬೆಂಗೇರಿಯ ಸಂತೆ ಬಯಲಿಗೆ ಹೋಗುವ ದಾರಿಯಲ್ಲಿ ಮಕ್ತುಮಸಾಬನ ರದ್ದಿ ಅಂಗಡಿ ಇತ್ತು. ಅಂಗಡಿ ಅನ್ನುವುದು ಬಾಯಿಮಾತು. ತಗಡಿನ ಸೂರಿನಡಿ ನೆಲದಿಂದ ಜಂತಿಯ ತನಕ ಬರೀ ಕಾಗದ, ಅದರ ನಡುವೆ ಒಬ್ಬ ಮನುಷ್ಯ ಮುದುಡಿ ಕೂರುವಷ್ಟು ಗೂಡು. ಅಕ್ಷರಗಳನ್ನು ಹರಿದ ಪತ್ರಿಕೆಗಳಿಂದ ತಾನೇ ಹೆಕ್ಕಿ ಕಲಿತವನು ಆತ. ಕಲಿತದ್ದರ ಬಗ್ಗೆ ಮೀಸೆ ತಿರುವುವಷ್ಟು ಹೆಮ್ಮೆಯೂ ಇತ್ತು. ಜೂನ್ ಬಂತೆಂದರೆ ಹಳೆಯ ಪಠ್ಯಪುಸ್ತಕ ಕೇಳಿಕೊಂಡು ಜನ ಬರುವರು. "ಎಲ್ಲಾ ಕಡೆ ಸ್ವಲ್ಪ ನೋಡ್ರಿ, ಸಾಬ್ರ," ಎಂದರೆ ಆತ ಜಾಗ ಬಿಟ್ಟು ಏಳುತ್ತಿರಲಿಲ್ಲ.

"ಎಲ್ಲಾ ಕಡೆ ನೋಡಾಕ ನಾ ಏನು ಗಾಳಿ ಏನ್ರಿ? ಎಲ್ಲಿ ಕೈ ಹಾಕ್ಲಿ, ಅದನ್ನ ಹೇಳ್ರಿ. ಯಾವ ಇಯತ್ತೆ? ರಟ್ಟಿನ ಬಣ್ಣ ಯಾವುದು?"

ಅಷ್ಟು ಹೇಳಿದರೆ ಸಾಕು, ಕಾಗದದ ಗುಡ್ಡದ ಹೊಟ್ಟೆಗೆ ಮೊಣಕೈ ತನಕ ಕೈ ತೂರಿ ಅದನ್ನೇ ಎಳೆದು ಕೊಡುತ್ತಿದ್ದ.

ತೊಂಬತ್ತನಾಲ್ಕರ ಸುಮಾರಿಗೆ ಆ ಗುಡ್ಡಕ್ಕೆ ರಟ್ಟು ಕಿತ್ತುಹೋದ ಇಂಗ್ಲಿಷ್ ಪುಸ್ತಕವೊಂದು ಬಂದು ಬಿತ್ತು. ಒಳಗೆ ಕೋಟೆ, ಗವಿಗಳ ನಕ್ಷೆ, ಕತ್ತಿ ಹಿಡಿದವರ ಚಿತ್ರ. ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದ ದತ್ತು ರವಿವಾರಕ್ಕೊಮ್ಮೆ ಹಳೆಯ ಕಾದಂಬರಿ ಆರಿಸಲು ಬರುವವನು. ಅವನು ಅದನ್ನು ಓದಿ ಅರ್ಥ ಹೇಳಿದ. ಅದೊಂದು ಆಟ. ಒಬ್ಬ ಕಥೆ ಹೇಳುತ್ತಾನೆ: ಹಾಳು ಕೋಟೆ, ಕತ್ತಲ ಕೋಣೆ, ಕಲ್ಲಿನ ಬಾಗಿಲು. ಉಳಿದವರು ಆ ಕಥೆಯೊಳಗೆ ಹೊಕ್ಕು, ತಾವು ಏನು ಮಾಡುತ್ತೇವೆಂದು ಹೇಳುತ್ತ ಹೋಗುತ್ತಾರೆ. ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಬಚ್ಚಿಟ್ಟದ್ದನ್ನು ಹುಡುಕುವುದಕ್ಕೂ ದಾಳವೇ.

ಅಲ್ಲಿಗೆ ಮಕ್ತುಮಸಾಬ ತಡೆದ. "ದಾಳಾ ಬಿದ್ರ ಸಿಗತೈತಿ ಅಂದ್ರ ಕಣ್ಣು ಕೈ ಯಾಕ ಕೊಟ್ಟಾನ ದೇವ್ರು? ಇದನ್ನ ಬರದಾಂವ ಒಂದಿನಾನೂ ರದ್ದಿ ಆರಿಸಿಲ್ಲ."

"ಬರದಾಂವ ದೂರದಾಂವ ಇದ್ದಾನ, ಸಾಬ್ರ. ನಿಮ್ಮ ಅಂಗಡಿ ಅವಗ ಗೊತ್ತಿಲ್ಲ," ಎಂದು ದತ್ತು ನಕ್ಕ.

ಆಮೇಲೆ ಮಕ್ತುಮಸಾಬನೇ ಕಥೆ ಹೇಳುವವನಾದ, ಹುಡುಕುವ ಕಟ್ಟಳೆಯೂ ಅವನದೇ ಆಯಿತು. ಎಲ್ಲಿ ಕೈ ಹಾಕುತ್ತೇನೆಂದು ಬಾಯಿಬಿಟ್ಟು ಹೇಳಬೇಕು. ಅಲ್ಲಿದ್ದರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ದಾಳದ ಬದಲು ಕವಡೆ ಚೆಲ್ಲುವುದು, ತಡಕಾಡುವಾಗ ದೀಪದ ಎಣ್ಣೆ ಎಷ್ಟು ಉರಿಯಿತೆಂದು ತಿಳಿಯಲು ಮಾತ್ರ. ಎಣ್ಣೆ ತೀರಿದರೆ ಹೊರಗೆ ಬರಬೇಕು. ಎಲ್ಲಕ್ಕೂ ದೊಡ್ಡ ಕಟ್ಟಳೆ ಅವನ ಸ್ವಂತಕ್ಕೆ: ಆಟಕ್ಕೆ ಮೊದಲು ಮನಸ್ಸಿನಲ್ಲಿ ಎಲ್ಲಿ ಇಟ್ಟನೋ ಅಲ್ಲೇ ಅದು ಇರಬೇಕು, ಯಾರು ಅತ್ತರೂ ಕರೆದರೂ ಸರಿಸುವಂತಿಲ್ಲ. ಮುಂದೊಮ್ಮೆ ದತ್ತು ಜೊತೆಗೆ ಕರೆತಂದ ಪುಟ್ಟ ಮಗಳು ಹುಡುಕಿದ್ದು ಸಿಗದೆ ಅತ್ತಾಗಲೂ ಅವನು ಸರಿಸಲಿಲ್ಲ.

ಮೂರನೆಯವನು ಗೋಡೆ ಕಟ್ಟುವ ಗೌಂಡಿ, ಗೋಪನಕೊಪ್ಪದ ಬೀರಲಿಂಗ. ಖಾಲಿ ಸಿಮೆಂಟ್ ಚೀಲ ಮಾರಲು ಬಂದು ಆಟಕ್ಕೆ ಕೂತವನು ಮತ್ತೆ ಏಳಲಿಲ್ಲ. ಕಥೆಯೊಳಗೂ ಅವನು ಗೌಂಡಿಯೇ. ಕಣ್ಣು ಮುಚ್ಚಿ, ಬೆರಳ ಗಿಣ್ಣಿನಿಂದ ನೆಲ ಬಡಿದು, "ಈ ಕಲ್ಲು ಪೊಳ್ಳ ಸಪ್ಪಳಾ ಮಾಡತೈತೇನು?" ಎಂದು ಕೇಳುವನು. ಮಕ್ತುಮಸಾಬನ ಕಥೆಯ ಕೋಟೆಗೆ ಕಿಲ್ಲೆ ಎಂದೇ ಹೆಸರು, ಅದರೊಳಗೆ ಎಂದೂ ಬತ್ತದ ನೀರಿನ ಸೆಲೆಯೊಂದಿತ್ತು. ಬೀರಲಿಂಗ ವರ್ಷಗಟ್ಟಲೆ ಅದರ ಬೆನ್ನು ಹತ್ತಿದ್ದ. ಬೇಸರವಾದಾಗ ದತ್ತು, "ಒಂದು ಸುಳಿವರೇ ಕೊಡ್ರಿ," ಅನ್ನುವನು. ಬೀರಲಿಂಗನೇ ಅವನ ಬಾಯಿ ಮುಚ್ಚಿಸುವನು. "ಕೊಟ್ರ ಅದು ನಿಂದಾತು, ಸಾಬಂದಾತು. ನಂದ ಹೆಂಗಾತು?"

ಎರಡು ಸಾವಿರದ ಮೂರರ ದಸರೆ ಮುಗಿದ ಮೇಲೆ ಬೀರಲಿಂಗನ ಕೆಮ್ಮು ನಿಲ್ಲಲಿಲ್ಲ. ಶ್ವಾಸಕೋಶದಲ್ಲಿ ಗಡ್ಡೆ, ಕೈ ಮೀರಿದೆ ಎಂದರು ಡಾಕ್ಟರು. ಅದನ್ನು ಕೇಳಿಸಿಕೊಂಡವಳು ಹೆಂಡತಿ ಶೇವಂತೆವ್ವ. ಅವಳು ನೇರ ರದ್ದಿ ಅಂಗಡಿಗೆ ಬಂದು, ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು.

"ಅವರಿಗೆ ಗೊತ್ತಾಗೋದು ಬ್ಯಾಡಣ್ಣಾ. ಗೊತ್ತಾದ್ರ ಅನ್ನಾ ಬಿಡ್ತಾರ. ಕಫಾ ಕಟ್ಟೈತಿ, ಗುಳಿಗಿ ತಗೊಂಡ್ರ ಅರಾಮ ಆಕ್ಕತಿ ಅಂತ ಹೇಳೇನಿ. ನೀವೂ ಹಂಗ ಹೇಳ್ರಿ."

"ಹೇಳತೇನವ್ವಾ," ಎಂದು ಮಕ್ತುಮಸಾಬ ಮಾತು ಕೊಟ್ಟ.

ಆಟ ಗೋಪನಕೊಪ್ಪಕ್ಕೆ, ಬೀರಲಿಂಗನ ಹಾಸಿಗೆಯ ಪಕ್ಕಕ್ಕೆ ಬಂತು. ಕವಡೆಗಳೂ ಅಲ್ಲೇ ಉಳಿದವು. ಬೀರಲಿಂಗ ದಿಂಬಿಗೊರಗಿ ಹುರುಪಿನಿಂದಲೇ ಇದ್ದ.

"ಗುಳಿಗಿ ಮುಗೀಲಿ, ನಿನ್ನ ಅಂಗಡಿಗೆ ಒಂದು ಗೋಡಿ ಕಟ್ಟತೇನಿ ಸಾಬ. ಇಲ್ಲಂದ್ರ ಒಂದಿನಾ ಆ ರದ್ದಿ ನಿನ್ನ ಮ್ಯಾಲೆ ಬಿದ್ದು, ನಿನ್ನ ಹುಡುಕಾಕ ನಾವು ಎಣ್ಣಿ ಸುಡಬೇಕಾಕ್ಕತಿ."

"ಕಟ್ಟುವಂತಿ. ಮದಲ ಎದ್ದು ಕುಂದ್ರು," ಎಂದು ಮಕ್ತುಮಸಾಬ ಬೇರೆ ಕಡೆ ನೋಡುತ್ತಿದ್ದ.

ಒಂದು ರವಿವಾರ ಮಧ್ಯಾಹ್ನ ದತ್ತು ಗುಳಿಗೆ ತರಲು ಹೋಗಿದ್ದ. ಶೇವಂತೆವ್ವ ಅಡುಗೆಮನೆಯಲ್ಲಿ ಗಂಜಿ ಕಾಸುತ್ತಿದ್ದಳು. ಬೀರಲಿಂಗ ಕಣ್ಣು ಮುಚ್ಚಿಕೊಂಡು ಕಿಲ್ಲೆಯೊಳಗೆ ನಡೆದಿದ್ದ. ಒಂದೊಂದು ಮಾತಿಗೂ ಉಸಿರು ಸಾಲದು. ಚಾದರದ ಮೇಲೆ ಅವನ ಕೈ ಬಿದ್ದಿತ್ತು. ಸುಣ್ಣ ಸಿಮೆಂಟು ತಿಂದು ಬಿರುಸಾಗಿದ್ದ ಕೈ ಈಗ ಎಳೆಗೂಸಿನದಂತೆ ಮೆತ್ತಗಾಗಿತ್ತು. ಮಕ್ತುಮಸಾಬ ಆ ಕೈಯನ್ನೇ ನೋಡುತ್ತಿದ್ದ.

"ಕುದುರಿ ಲಾಯದಾಗ ಕಲ್ಲಿನ ಬಾನಿ ಐತೆಲ್ಲಾ," ಎಂದ ಬೀರಲಿಂಗ. "ಅದರೊಳಗ ಕೈ ಹಾಕತೇನಿ. ತಳಾ ಮುಟ್ಟಿ ನೋಡತೇನಿ."

ಸೆಲೆ ಅಲ್ಲಿರಲಿಲ್ಲ. ಆದರೆ ಮಕ್ತುಮಸಾಬನ ಮನಸ್ಸು ಆ ಹೊತ್ತು ತನ್ನ ಕಟ್ಟಳೆಯನ್ನು ಒಂದು ಕಡೆ ಇಟ್ಟುಬಿಟ್ಟಿತು.

"ಕೈಗೆ ತಂಪು ಹತ್ತಿತು," ಎಂದ. "ತಳದ ಕಲ್ಲು ಸರದೈತಿ. ನೀರು, ಬೀರ್ಯಾ. ಸೆಲಿ ಸಿಕ್ಕಿತು."

ಬೀರಲಿಂಗ ಕಣ್ಣು ತೆರೆದ. ಇಷ್ಟು ವರ್ಷ ಹುಡುಕಿದ್ದು ಸಿಕ್ಕವನ ಮುಖವಲ್ಲ ಅದು.

"ಆ ಬಾನಿಯಾಗ ನಾ ಹಿಂದಕ ಕೈ ಹಾಕಿದ್ದೆ. ಧೂಳಾ ಐತಿ, ತಳಾ ಗಟ್ಟಿ ಐತಿ ಅಂದಿದ್ದಿ."

"ಮರತಿರಬೇಕು."

"ನಾ ಮರತಿದ್ದೆ. ಈಗ ನೀ ನೀರು ಅಂದಮ್ಯಾಲೆ ನೆನಪಾತು. ನೀ ಮರಿಯೋ ಮನಷ್ಯಾ ಅಲ್ಲ." ಅವನು ಉಸಿರು ಹಿಡಿದು ಕೂತ. "ದತ್ತೂನ ಮಗಳು ಆಟದಾಗ ಅತ್ತಾಗನೂ ನೀ ಒಂದು ಸಣ್ಣ ಕಲ್ಲೂ ಸರಿಸಿದಾಂವಲ್ಲ. ನನಗ ಯಾಕ ಸರಿಸಿದಿ?"

ಮಕ್ತುಮಸಾಬ ಕವಡೆಗಳನ್ನು ಕೈಗೆತ್ತಿಕೊಂಡ, ಕೆಳಗಿಟ್ಟ.

"ಮುಗೀತೇನು ನಂದು," ಎಂದ ಬೀರಲಿಂಗ. ಅದು ಪ್ರಶ್ನೆಯಾಗಿರಲಿಲ್ಲ. ಅಡುಗೆಮನೆಯ ಕಡೆ ಗೋಣು ಆಡಿಸಿದ. "ಆಕೀಗೆ ಗೊತ್ತೈತಿ?"

"ಗೊತ್ತೈತಿ. ನಿನಗ ಹೇಳಬ್ಯಾಡ ಅಂದಾಳ."

ಒಳಗೆ ಪಾತ್ರೆಯ ಸದ್ದಾಗುತ್ತಿತ್ತು. ಬೀರಲಿಂಗ ಅತ್ತ ಕಿವಿಗೊಟ್ಟ.

"ಹಂಗಾರ ನನಗ ತಿಳೀತು ಅಂತ ಆಕೀಗೆ ಹೇಳಬ್ಯಾಡ. ಪಾಪ, ಅಷ್ಟು ಕಷ್ಟಪಟ್ಟು ನಗತಾಳ."

"ಸೆಲಿ ಖರೇ ಎಲ್ಲೈತಿ ಹೇಳ್ಲೇನು?" ಎಂದು ಮಕ್ತುಮಸಾಬ ಕೇಳಿದ.

"ಬ್ಯಾಡ. ಬಾನಿಯಾಗ ಏನೈತಿ, ಅದನ್ನ ಹೇಳು."

"ಧೂಳು."

"ಹಾಂ. ಕವಡಿ ಹಾಕು. ಎಣ್ಣಿ ಎಷ್ಟು ಉಳಿದೈತಿ ನೋಡೋಣ."

ಶೇವಂತೆವ್ವ ಗಂಜಿ ತಂದಾಗ ಬೀರಲಿಂಗ, "ಇವತ್ತ ಉಪ್ಪು ಛಲೋ ಬಿದ್ದೈತಿ. ಅರಾಮ ಆಗಾಕತ್ತೇನಿ ನೋಡು," ಎಂದು ಬಟ್ಟಲು ಖಾಲಿ ಮಾಡಿದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. ಮುಂದೆ ಪ್ರತಿ ರವಿವಾರವೂ ಹಾಗೇ ನಡೆಯಿತು. ಹೆಂಡತಿ ಗಂಡನೆದುರು ನಗುವಳು, ಗಂಡ ಹೆಂಡತಿಯೆದುರು ಉಣ್ಣುವನು. ಇಬ್ಬರ ಗುಟ್ಟನ್ನೂ ಹೊತ್ತವನು ಮಕ್ತುಮಸಾಬ. ಕಿಲ್ಲೆಯಲ್ಲಿ ಬೀರಲಿಂಗ ಒಂದೊಂದೇ ಕಲ್ಲು ಬಡಿಯುತ್ತ ಹೋದ. ಮಕ್ತುಮಸಾಬ ಇಲ್ಲದ್ದನ್ನು ಇಲ್ಲವೆಂದೇ ಹೇಳಿದ. ಸಂಕ್ರಾಂತಿಗೆ ಮೊದಲೇ ಬೀರಲಿಂಗ ಹೋಗಿಬಿಟ್ಟ. ಸೆಲೆ ಸಿಕ್ಕಿರಲಿಲ್ಲ.

ಬೀರಲಿಂಗನ ದಿನಕರ್ಮಗಳು ಮುಗಿದ ಮೇಲೆ ಶೇವಂತೆವ್ವ ಅಂಗಡಿಗೆ ಬಂದಳು. ಅರಿವೆಯಲ್ಲಿ ಕಟ್ಟಿದ ಕವಡೆಗಳು ಅವಳ ಕೈಯಲ್ಲಿದ್ದವು.

"ನಿಮ್ಮ ಉಪಕಾರ ಮರಿಯಾಂಗಿಲ್ಲಣ್ಣಾ. ನೀವು ಬಾಯಿ ಬಿಡಲಿಲ್ಲ. ಕಡೀತನಕ ಅವರಿಗೆ ಏನೂ ತಿಳೀಲಿಲ್ಲ. ಅರಾಮ ಆಗತೇನಿ ಅನಕೋತನ ಹೋದ್ರು."

ಮಕ್ತುಮಸಾಬ ತಲೆ ತಗ್ಗಿಸಿ, "ಹೌದವ್ವಾ," ಎಂದ.

ಅವಳು ಗಂಟು ಹಿಡಿದು ಕಾಗದದ ಗುಡ್ಡದ ಮುಂದೆ ನಿಂತಳು. "ಇವನ್ನ ಎಲ್ಲಿ ಇಡ್ಲಿ?"

"ಎಲ್ಲಿ ಬೇಕಾದಲ್ಲಿ ಇಡವ್ವಾ," ಎಂದ, ಎಲ್ಲದಕ್ಕೂ ಜಾಗ ಕೇಳುತ್ತಿದ್ದ ಆತ, ಮುಖ ಎತ್ತದೆ.